ಸ್ವಲೀನತೆಯ ಪ್ರಥಮ ಲಕ್ಷಣಗಳು

ಶಿಶುವಿನ ಭಾಷಾವ್ಯವಹಾರವು ಮೊದಲ ಪದದಿಂದ ಪ್ರಾರಂಭವಾಗುವುದೆಂದು ನಾವು ಸಾಮಾನ್ಯವಾಗಿ ಭಾವಿಸುವೆವು. ಅದು ಸರಿಯಲ್ಲ. ಪದವು ಹುಟ್ಟುವುದಕ್ಕೆ ಮುಂಚೆಯೇ ಮಗುವು ಚಂದ್ರನನ್ನು ಬೆರಳಿನಿಂದ ತೋರಿಸಿ, ಒಡನೆಯೇ ತಾಯಿಯ ಮುಖವನ್ನು ನೋಡುವುದು. ‘ನಾನು ಕಂಡುದನ್ನು ನೀನೂ ಕಾಣು’ ಎಂಬುದೇ ಆ ನೋಟದ ತಾತ್ಪರ್ಯ. ಸ್ವಲೀನತೆ, ಎಂದರೆ ಆಟಿಸಂ ಇರುವ ಅನೇಕ ಮಕ್ಕಳಲ್ಲಿ ಮೊದಲಿಗೆ ವಿರಳವಾಗಿ ತೋರುವುದು ಈ ನೋಟವೇ.

ಆಟಿಸಂ ಎಂಬ ಹೆಸರು ‘ತಾನು’ ಎಂಬರ್ಥದ ಗ್ರೀಕ್ ಶಬ್ದದಿಂದ ಬಂದುದು. 1943ರಲ್ಲಿ ಬಾಲ್ಟಿಮೋರ್ ನಗರದ ವೈದ್ಯರಾದ ಲಿಯೋ ಕ್ಯಾನರ್ 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. ಅವರಲ್ಲಿ ಮಾತು ಬಲ್ಲವರು ಸರ್ವನಾಮಗಳನ್ನು ಕೇಳಿದಂತೆಯೇ ನುಡಿಯುತ್ತಿದ್ದರು. ತನಗೆ ಹಾಲು ಬೇಕಾದಾಗ ‘ನಿನಗೆ ಹಾಲು ಬೇಕೇ?’ ಎಂದು ಮಗುವು ಹೇಳುವುದು ಇದರ ಮಾದರಿ.

ಆದರೆ ಇದು ಮಾತು ಬಂದ ಮೇಲಿನ ಸಂಗತಿ. ಅದಕ್ಕೂ ಹಿಂದೆ ಗಮನಿಸತಕ್ಕವು ಇವು: ವರ್ಷ ತುಂಬಿದರೂ ಹೆಸರು ಕರೆದಾಗ ತಿರುಗದಿರುವುದು, ಒಂದೂವರೆ ವರ್ಷವಾದರೂ ಬೆರಳು ಮಾಡಿ ತೋರಿಸದಿರುವುದು. ಎರಡು ವರ್ಷವಾದರೂ ಸ್ವಂತವಾಗಿ ಎರಡು ಪದಗಳನ್ನು ಕೂಡಿಸದಿರುವುದೂ, ಯಾವ ವಯಸ್ಸಿನಲ್ಲಾಗಲಿ ಬಂದ ಮಾತು ಮರೆಯಾಗುವುದೂ ಇವಕ್ಕೆ ಸೇರುವುವು.

ಈ ಲಕ್ಷಣಗಳಿಗೆ ಅತಿವ್ಯಾಪ್ತಿಯುಂಟು. ಕಿವಿ ಕೇಳದ ಮಗುವೂ ಕರೆಗೆ ತಿರುಗದು. ಆದುದರಿಂದ ಶ್ರವಣಪರೀಕ್ಷೆಯೂ ಮಕ್ಕಳ ವೈದ್ಯರ ಪರಿಶೀಲನೆಯೂ ಆಗದೆ ನಿರ್ಣಯವು ಸಲ್ಲದು. ತಾಯಿಯ ಔದಾಸೀನ್ಯವೇ ಇದಕ್ಕೆ ಕಾರಣವೆಂಬ ಹಿಂದಿನ ವಾದವು ನಿರಾಧಾರವೆಂದು ಸಿದ್ಧವಾಗಿದೆ. ‘ಗಂಡುಮಗು, ಮಾತು ತಡ’ ಎಂದು ಕಾಯುತ್ತ ಕೂರುವುದೂ ಯುಕ್ತವಲ್ಲ. ಬೇಗ ಗುರುತಿಸಿದರೆ ತಕ್ಕ ಶಿಕ್ಷಣವೂ ಬೇಗ ದೊರೆಯುವುದು. ಮಗುವು ಎಷ್ಟು ಪದಗಳನ್ನು ಬಲ್ಲುದೆಂದು ಎಣಿಸುವ ಮುನ್ನ, ಅದರ ಬೆರಳು ಯಾರಿಗಾಗಿ ಏಳುವುದೆಂದು ನೋಡೋಣ.