ಬೆನ್ನೇರಿ ಬರುವ ದೋಣಿ

ಮೊದಲು ಒಂದು ಒಗಟು. ನೀರಿನಲ್ಲಿ ಅದು ಮನುಷ್ಯನನ್ನು ಹೊರುತ್ತದೆ, ದಡದಲ್ಲಿ ಮನುಷ್ಯ ಅದನ್ನು ಹೊರುತ್ತಾನೆ. ಏನದು?

ಕಳಸ, ಬಾಳೆಹೊನ್ನೂರು ಕಡೆಯ ಅಜ್ಜಂದಿರು ಹತ್ತಿರ ಕುಳಿತಿದ್ದರೆ ಮೊಮ್ಮಕ್ಕಳು ಯೋಚಿಸುವುದರೊಳಗೆ ಹೇಳಿಬಿಡುತ್ತಾರೆ: ತೆಪ್ಪ. ದೇವಸ್ಥಾನದ ತೆಪ್ಪೋತ್ಸವದ ತೆಪ್ಪ ಬೇರೆ, ಇದು ಬೇರೆ. ಇದು ಬಿದಿರಿನ ಬುಟ್ಟಿಯಂಥ ದುಂಡು ದೋಣಿ. ಬಯಲುಸೀಮೆಯವರು ಹರಿಗೋಲು ಎಂದರೆ ಅದೂ ಸರಿಯೇ. ಇದಕ್ಕೆ ಮುಂದು ಹಿಂದು ಎಂಬುದಿಲ್ಲ, ಮೊಳೆ ಇಲ್ಲ, ಯಂತ್ರವಿಲ್ಲ. ನಡೆಸುವುದಕ್ಕೆ ಒಬ್ಬ ಮನುಷ್ಯ, ಒಂದು ಹುಟ್ಟು ಸಾಕು.

ದೋಣಿ ನಡೆಸುವುದರಲ್ಲಿ ಕಷ್ಟ ಯಾವುದು ಎಂದು ಕೇಳಿದರೆ ಹುಟ್ಟು ಹಾಕುವುದು ಎಂದು ಹೆಚ್ಚಿನವರು ಹೇಳುತ್ತಾರೆ. ನಿಜವಾದ ಕಷ್ಟ ದಡದಲ್ಲಿದೆ. ಸಹಾಯಕ್ಕೆ ಇನ್ನೊಬ್ಬರಿಲ್ಲದಾಗ ದೋಣಿಯನ್ನು ನೀರಿಗೆ ಇಳಿಸುವುದು, ಕೆಲಸ ಮುಗಿದ ಮೇಲೆ ಮತ್ತೆ ಮೇಲಕ್ಕೆ ತರುವುದು, ಇವೆರಡೇ ಒಂಟಿ ಅಂಬಿಗನ ದೊಡ್ಡ ಪರೀಕ್ಷೆ.

ಆಸ್ಟ್ರೇಲಿಯಾ, ಅಮೆರಿಕ ಮುಂತಾದ ಕಡೆ ಸಣ್ಣ ಮೋಟಾರು ದೋಣಿಯನ್ನು ಟ್ರೇಲರ್ ಮೇಲಿಟ್ಟು ಕಾರಿನ ಹಿಂದೆ ಎಳೆದೊಯ್ಯುತ್ತಾರೆ. ನೀರಿನ ಅಂಚಿನಲ್ಲಿ ಇಳಿಜಾರಾದ ಕಾಂಕ್ರೀಟ್ ದಾರಿ ಇರುತ್ತದೆ. ಅಲ್ಲಿ ಟ್ರೇಲರನ್ನು ಹಿಂದಕ್ಕೆ ಬಿಡಬೇಕು. ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೇಲರ್ ಬಲಕ್ಕೆ ಹೋಗುತ್ತದೆ. ಎಸ್ಟೇಟಿನಲ್ಲಿ ಟ್ರ್ಯಾಕ್ಟರ್ ಓಡಿಸುವವರನ್ನು ಕೇಳಿ, ಈ ಪಾಡು ಅವರಿಗೆ ಗೊತ್ತು. ಭಾರವಾದ ಆ ದೋಣಿಯನ್ನು ಒಬ್ಬನೇ ಎತ್ತಲಾರ. ಹಾಗಾಗಿ ನೀರಿನಿಂದಲೇ ಎತ್ತಿಸುತ್ತಾನೆ. ಟ್ರೇಲರ್ ಸಾಕಷ್ಟು ಮುಳುಗಿದಾಗ ದೋಣಿ ತಾನಾಗಿ ತೇಲುತ್ತದೆ. ಅದಕ್ಕೂ ಮೊದಲೇ ಮೂತಿಗೆ ಹಗ್ಗ ಕಟ್ಟಿರಬೇಕು, ಇಲ್ಲವಾದರೆ ದೋಣಿ ಒಂದು ಕಡೆ, ಯಜಮಾನ ಇನ್ನೊಂದು ಕಡೆ. ವಾಪಸ್ ತರುವಾಗ ರಾಟೆ ತಿರುಗಿಸಿ ಪಟ್ಟಿಯಿಂದ ಟ್ರೇಲರ್ ಮೇಲಕ್ಕೆ ಎಳೆದುಕೊಳ್ಳುತ್ತಾನೆ. ದೋಣಿಯ ತಳದಲ್ಲಿ ನೀರು ಬಸಿಯಲು ಒಂದು ತೂತು ಇರುತ್ತದೆ. ಅದರ ಬಿರಡೆ ಹಾಕಲು ಮರೆತು ದೋಣಿ ಇಳಿಸುವವರೂ ಇದ್ದಾರೆ!

ನಮ್ಮ ಮಲೆನಾಡಿನ ಹೊಳೆಗೆ ಕಾಂಕ್ರೀಟ್ ಇಳಿಜಾರು ಎಲ್ಲಿಂದ ಬರಬೇಕು? ಗಂಗಾಮೂಲದಲ್ಲಿ ಹುಟ್ಟುವ ಭದ್ರೆ ಕುದುರೆಮುಖ, ಕಳಸ, ಬಾಳೆಹೊನ್ನೂರು ದಾಟಿ ಲಕ್ಕವಳ್ಳಿಯ ಅಣೆಕಟ್ಟಿಗೆ ಬರುವವರೆಗೂ ಕಾಡು, ಬಂಡೆ, ಕಾಫಿ ತೋಟ, ಅಡಿಕೆ ತೋಟ. ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟುವ ಹೇಮಾವತಿಯ ದಡಗಳೂ ಹೀಗೆಯೇ. ಮನೆ ಈ ದಡದಲ್ಲಿ, ಗದ್ದೆ ಆ ದಡದಲ್ಲಿ. ನಡುವೆ ಕೆಸರಿನ ಕಾಲುದಾರಿ. ಇಂಥ ಜಾಗಕ್ಕೆ ಚಕ್ರ ಬರುವುದಿಲ್ಲ. ಆದ್ದರಿಂದ ದೋಣಿಯನ್ನೇ ಒಬ್ಬ ಮನುಷ್ಯನ ಬೆನ್ನಿನ ಅಳತೆಗೆ ತಂದರು.

ಸಣ್ಣ ತೆಪ್ಪವನ್ನು ಬೋರಲು ಹಾಕಿ, ಒಂದು ಅಂಚನ್ನು ಎತ್ತಿ, ಅದರಡಿ ನುಸುಳಿ, ತಲೆ ಮತ್ತು ಬೆನ್ನಿನ ಮೇಲೆ ಭಾರ ಕೂರಿಸಿಕೊಂಡು ಎದ್ದು ನಿಲ್ಲುತ್ತಾರೆ. ದೂರದಿಂದ ನೋಡಿದರೆ ಎರಡು ಕಾಲಿನ ಆಮೆ. ಮಲೆನಾಡಿನ ಅಜ್ಜಿಯರಿಗೆ ಮಳೆಯಲ್ಲಿ ಗೊರಬು ಹೊದ್ದು ಸಸಿ ನೆಟ್ಟ ನೆನಪಿರುತ್ತದೆಯಲ್ಲ, ಅದನ್ನೇ ನಾಲ್ಕಾರು ಪಟ್ಟು ದೊಡ್ಡದು ಮಾಡಿದ ಹಾಗೆ. ಹುಟ್ಟು ಕೈಯಲ್ಲಿ ಊರುಗೋಲಾಗುತ್ತದೆ. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಬೆಸ್ತರೂ ತಮ್ಮ ಸಣ್ಣ ಬುಟ್ಟಿದೋಣಿಯನ್ನು ಪಟ್ಟಿ ಹಾಕಿ ಹೀಗೆಯೇ ಬೆನ್ನಿಗೇರಿಸುತ್ತಾರೆ. ಒಬ್ಬರನ್ನೊಬ್ಬರು ನೋಡದೆಯೇ ಎರಡು ದೇಶದವರಿಗೂ ಅದೇ ಉಪಾಯ ಹೊಳೆದಿದೆ.

ಇಳಿಸುವ ಜಾಗ ಆರಿಸುವುದರಲ್ಲಿ ಅರ್ಧ ಜಾಣತನವಿದೆ. ಹೊಳೆ ತಿರುಗುವ ಕಡೆ ಹೊರ ಮಗ್ಗುಲಿನಲ್ಲಿ ಸೆಳವು ಜೋರು. ಅಲ್ಲಿ ದಡ ಕೊರೆದು ಆಳವಾಗಿರುತ್ತದೆ. ಒಳ ಮಗ್ಗುಲಿನಲ್ಲಿ ನೀರು ನಿಧಾನ, ಮರಳು ಕೂತಿರುತ್ತದೆ. ತೆಪ್ಪ ಇಳಿಯಬೇಕಾದದ್ದು ಅಲ್ಲಿ. ಕಲ್ಲಿನ ಮೇಲೆ ಎಳೆದರೆ ಹೊದಿಕೆ ಹರಿಯುತ್ತದೆ. ಆದ್ದರಿಂದ ಮೊಣಕಾಲು ಮಟ್ಟದ ನೀರಿಗೆ ಹೊತ್ತೇ ಹೋಗಿ ಮೆಲ್ಲನೆ ಮಗುಚಿ ಇಡಬೇಕು. ಹಗ್ಗ ಕೈಯಲ್ಲೇ ಇರಬೇಕು. ಹತ್ತುವಾಗ ಅಂಚಿನ ಮೇಲೆ ಕಾಲಿಟ್ಟರೆ ಮಗುಚುವುದು ಖಂಡಿತ. ಎರಡೂ ಕಡೆಯ ಅಂಚು ಹಿಡಿದು, ಮೈ ಬಗ್ಗಿಸಿ, ಪಾದವನ್ನು ನಡುಮಧ್ಯಕ್ಕೆ ಇಟ್ಟು ಕೂತುಬಿಡಬೇಕು.

ಈಗ ಮಕ್ಕಳಿಗೊಂದು ಆಟ. ದೊಡ್ಡ ಬಕೆಟಿನಲ್ಲೋ ಟಬ್ಬಿನಲ್ಲೋ ನೀರು ತುಂಬಿ ಸ್ಟೀಲ್ ಬಟ್ಟಲೊಂದನ್ನು ತೇಲಿಬಿಡಿ. ಅದರ ಹಿಂದಿನ ಅಂಚನ್ನು ಒಂದು ಬೆರಳಿನಿಂದ ಮುಂದಕ್ಕೆ ತಳ್ಳಿ. ಸ್ವಲ್ಪ ಹೋಗಿ ಗಿರ್ರನೆ ತಿರುಗುತ್ತದೆ. ಈಗ ಮುಂದಿನ ಅಂಚಿಗೆ ಬೆರಳು ಸಿಕ್ಕಿಸಿ ಎಳೆಯಿರಿ. ಸರಾಗವಾಗಿ ಹಿಂದೆ ಬರುತ್ತದೆ. ತೆಪ್ಪದ ಅಂಬಿಗ ಮುಂದಿನ ಅಂಚಿನಲ್ಲಿ ಕೂತು ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುವುದು ಇದಕ್ಕೇ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ತುಂಗಭದ್ರೆಯ ಹರಿಗೋಲುಗಳು ಸದಾ ಸುತ್ತುತ್ತಲೇ ಹೋಗುತ್ತವೆ, ನೆಟ್ಟಗೆ ಹೋಗಲಾರವು ಎಂದು ಬರೆದಿಟ್ಟಿದ್ದಾನೆ. ಆಗ ಅವಕ್ಕೆ ಚರ್ಮದ ಹೊದಿಕೆ. ಈಗ ಪ್ಲಾಸ್ಟಿಕ್ ಹಾಳೆ, ಟಾರು. ಇಡೀ ತೆಪ್ಪವೇ ಫೈಬರಿನದ್ದಾಗಿರುವುದೂ ಉಂಟು.

ಇನ್ನೊಂದು ಲೆಕ್ಕ. ಹೊಳೆ 60 ಮೀಟರ್ ಅಗಲವಿದೆ ಎಂದುಕೊಳ್ಳಿ. ನೀವು ಸೆಕೆಂಡಿಗೆ ಅರ್ಧ ಮೀಟರ್‌ನಂತೆ ಅಡ್ಡ ಹೋಗುತ್ತೀರಿ, ಹೊಳೆಯೂ ಸೆಕೆಂಡಿಗೆ ಅರ್ಧ ಮೀಟರ್‌ನಂತೆ ಕೆಳಕ್ಕೆ ಎಳೆಯುತ್ತದೆ. ದಾಟಲು 120 ಸೆಕೆಂಡು ಬೇಕು. ಅಷ್ಟರಲ್ಲಿ ಎಷ್ಟು ದೂರ ಕೆಳಗೆ ಹೋಗಿರುತ್ತೀರಿ? 60 ಮೀಟರ್. ಹಾಗಾಗಿ ಎದುರಿನ ಗದ್ದೆಯ ಬದಿಗೆ ಸೇರಬೇಕಾದವರು ಮೊದಲೇ ಮೇಲಕ್ಕೆ ನಡೆದು ಹೋಗಿ ತೆಪ್ಪ ಇಳಿಸಬೇಕು. ಸಂಜೆ ಮನೆಗೆ ಬರುವಾಗ ಆ ದಡದಲ್ಲೂ ಮತ್ತೆ ಮೇಲಕ್ಕೆ ಹೊತ್ತು ನಡೆಯಬೇಕು. ಭಾರದ ಮರದ ದೋಣಿಯಾದರೆ ಒಬ್ಬನಿಂದ ಇದು ಸಾಧ್ಯವೇ?

ಎರಡೂವರೆ ಸಾವಿರ ವರ್ಷದ ಹಿಂದಿನ ಗ್ರೀಕ್ ಲೇಖಕ ಹೆರೊಡೋಟಸ್ ಇದಕ್ಕಿಂತ ಸ್ವಾರಸ್ಯದ ಸಂಗತಿ ಹೇಳುತ್ತಾನೆ. ಬ್ಯಾಬಿಲೋನಿಗೆ ಸರಕು ತರುವ ಚರ್ಮದ ದುಂಡು ದೋಣಿಗಳಲ್ಲಿ ಒಂದೊಂದು ಕತ್ತೆಯೂ ಪ್ರಯಾಣ ಮಾಡುತ್ತಿತ್ತಂತೆ. ಊರು ತಲುಪಿ ಸರಕು ಮಾರಿದ ಮೇಲೆ ದೋಣಿಯ ಕಡ್ಡಿಗಳನ್ನೂ ಮಾರಿ, ಚರ್ಮವನ್ನು ಮಡಚಿ ಕತ್ತೆಯ ಮೇಲೆ ಹೇರಿ ನಡೆದೇ ವಾಪಸಾಗುತ್ತಿದ್ದರು. ಸೆಳವಿಗೆ ಎದುರಾಗಿ ಅಂಥ ದೋಣಿ ಹೋಗುತ್ತಿರಲಿಲ್ಲ. ನಮ್ಮ ಹೊಳೆಗಳಲ್ಲಿ ಆ ಕತ್ತೆಯ ಪಾಲಿನ ಕೆಲಸವೂ ಅಂಬಿಗನದೇ!

ದಡ ಸೇರುವಾಗ ಜೀವಕ್ಕೆ ಅಪಾಯ ಹೆಚ್ಚು. ಬಂದೇಬಿಟ್ಟೆವು ಎಂದು ಎದ್ದು ನಿಲ್ಲುವುದು, ಬಾಗಿದ ಕೊಂಬೆಯನ್ನು ಗಪ್ಪನೆ ಹಿಡಿಯುವುದು, ಎರಡೂ ಕೆಟ್ಟವು. ಕೊಂಬೆ ಹಿಡಿದವನು ಅಲ್ಲೇ ಉಳಿಯುತ್ತಾನೆ, ಕಾಲಡಿಯ ತೆಪ್ಪ ಮುಂದೆ ಹೋಗುತ್ತದೆ. ಹುಟ್ಟು ನೆಲ ಮುಟ್ಟುವವರೆಗೆ ಕೂತೇ ಇರಬೇಕು. ಮೊದಲು ಕೈಗೆ ಹಗ್ಗ, ಆಮೇಲೆ ನೀರಿಗೆ ಕಾಲು. ತೆಪ್ಪದೊಳಗೆ ನೀರು ಸೇರಿದ್ದರೆ ಎತ್ತುವ ಸಾಹಸ ಬೇಡ. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಹತ್ತು ಲೀಟರಿನ ಬಕೆಟಿನಲ್ಲಿ ಐದು ಬಕೆಟ್ ನೀರಿದ್ದರೆ 50 ಕಿಲೋ, ಒಂದು ಮೂಟೆ ಕಾಫಿಯ ಭಾರ. ನೀರಿನ ಅಂಚಿನಲ್ಲೇ ಒಂದು ಪಕ್ಕ ಓರೆ ಮಾಡಿ ಚೆಲ್ಲಿ, ಆಮೇಲೆ ಮೇಲೆ ತರಬೇಕು. ಮಕ್ಕಳೇ, ಈಜು ಬರುವವರಿಗೂ ಲೈಫ್ ಜಾಕೆಟ್ ಬೇಕು, ಜೊತೆಗೆ ದೊಡ್ಡವರೂ ಬೇಕು. ಒಂಟಿಯಾಗಿ ಇಳಿಸುವ ವಿದ್ಯೆ ಹೊಳೆಯ ಗುಣ ಬಲ್ಲ ದೊಡ್ಡವರಿಗೆ ಮಾತ್ರ.

ಮಳೆಗಾಲದಲ್ಲಿ ಅವರೂ ಇಳಿಸುವುದಿಲ್ಲ. ಕುದುರೆಮುಖದ ಬೆಟ್ಟದಲ್ಲಿ ಮಳೆ ಹೊಡೆದರೆ ಕೆಳಗೆ ಬಿಸಿಲಿದ್ದರೂ ಭದ್ರೆ ಏರುತ್ತದೆ. ಕಳಸದಿಂದ ಹೊರನಾಡಿಗೆ ಹೋಗುವ ದಾರಿಯ ಹೆಬ್ಬಾಳೆ ಸೇತುವೆ ಜೋರು ಮಳೆಯಲ್ಲಿ ಮುಳುಗುತ್ತಿದ್ದ ಸುದ್ದಿ ವರ್ಷ ವರ್ಷವೂ ಪತ್ರಿಕೆಗಳಲ್ಲಿ ಬರುತ್ತಿತ್ತು. ದಡದ ಮರಗಳಲ್ಲಿ ಹುಲ್ಲು, ಪ್ಲಾಸ್ಟಿಕ್ ಚೂರು ಎಷ್ಟು ಎತ್ತರಕ್ಕೆ ಸಿಕ್ಕಿಕೊಂಡಿದೆ ನೋಡಿ: ಹಿಂದಿನ ನೆರೆ ಅಲ್ಲಿಯವರೆಗೆ ಬಂದಿತ್ತು. ತೆಪ್ಪವನ್ನು ಅದಕ್ಕೂ ಮೇಲೆ ಒಯ್ದು, ಎರಡು ಕಟ್ಟಿಗೆಯ ಮೇಲೆ ಬೋರಲು ಹಾಕಿ ಕಟ್ಟಬೇಕು. ನೆಲಕ್ಕೆ ತಾಗಿದರೆ ಗೆದ್ದಲು ಹಿಡಿಯುತ್ತದೆ.

ಸೇತುವೆಗಳು ಬಂದಲ್ಲಿ ಕಡವುಗಳು ಸುಮ್ಮನಾದವು. ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಮೊದಲ ತೂಗುಸೇತುವೆ ಕಟ್ಟಿದರು. ಆಮೇಲೆ ನೂರಕ್ಕೂ ಹೆಚ್ಚು ಕಟ್ಟಿ 2017ರಲ್ಲಿ ಪದ್ಮಶ್ರೀ ಪಡೆದರು. ಶಾಲೆಗೆ ಹೋಗುವ ಮಕ್ಕಳು ನೆರೆಯ ಹೊಳೆಯನ್ನು ಬುಟ್ಟಿಯಲ್ಲಿ ಕೂತು ದಾಟುವುದು ತಪ್ಪಿದರೆ ಯಾರೂ ಬೇಸರ ಪಡಬೇಕಿಲ್ಲ. ತೆಪ್ಪ ಮಾತ್ರ ಮಾಯವಾಗಿಲ್ಲ. ಭದ್ರಾ ಜಲಾಶಯದ ಹಿನ್ನೀರಿನಲ್ಲಿ ಮೀನುಗಾರರು ಈಗಲೂ ಬಲೆಯ ಜೊತೆ ಅದನ್ನು ಇಳಿಸುತ್ತಾರೆ. ಅಲ್ಲಿ ನೀರಿನ ಅಂಚು ಒಂದೇ ಕಡೆ ನಿಲ್ಲುವುದಿಲ್ಲ. ಜಲಾಶಯ 186 ಅಡಿ ತುಂಬಿದಾಗ ಕಾಡಿನ ಬುಡದಲ್ಲಿ, ಬೇಸಿಗೆಯಲ್ಲಿ ಬಹಳ ಕೆಳಗೆ. ಅಂಚು ಸರಿದ ಹಾಗೆಲ್ಲ ದೋಣಿಯೂ ಬೆನ್ನೇರಿ ಹಿಂದೆ ಹೋಗುತ್ತದೆ.

ನಿಮ್ಮ ಊರಿನ ಹೊಳೆಗೂ ಒಂದು ಕಡವು ಇದ್ದಿರಬಹುದು. ಅಂಬಿಗರು ಯಾರ ಮನೆಯವರು, ದಾಟಿಸಿದ್ದಕ್ಕೆ ದುಡ್ಡು ಕೊಡುತ್ತಿದ್ದರೋ ಸುಗ್ಗಿಯಲ್ಲಿ ಭತ್ತ ಅಳೆಯುತ್ತಿದ್ದರೋ, ಆ ದಡದಿಂದ ಅಂಬಿಗರನ್ನು ಕೂಗಿ ಕರೆಯುತ್ತಿದ್ದುದು ಹೇಗೆ, ಇವತ್ತು ರಾತ್ರಿ ಊಟಕ್ಕೆ ಕೂತಾಗ ಅಜ್ಜನನ್ನೋ ಅಜ್ಜಿಯನ್ನೋ ಕೇಳಿ. ಕೂಗಿದ ರೀತಿಯನ್ನು ಹಾಗೇ ಕೂಗಿ ತೋರಿಸಲು ಹೇಳಿ.