ಒಮ್ಮೆ ಹೇಳಿದ ಹೆಸರು

ಅಂತ್ಯಾಕ್ಷರಿ ಆಡಿದವರಿಗೆಲ್ಲ ಈ ಸಂಕಟ ಗೊತ್ತು. 'ಮ' ಬಂದಿದೆ. 'ಮ'ದ ಹಾಡು ಹತ್ತಾರು ಬರುತ್ತವೆ. ಆದರೆ ಎರಡನ್ನು ಎದುರು ಗುಂಪಿನವರು ಆಗಲೇ ಹಾಡಿ ಮುಗಿಸಿದ್ದಾರೆ, ಒಂದನ್ನು ನಮ್ಮವರೇ ಯಾರೋ ಅವಸರಪಟ್ಟು ಖಾಲಿ ಮಾಡಿದ್ದಾರೆ. ಉಳಿದವು ನಾಲಿಗೆಯ ತುದಿಯಲ್ಲಿ ನಿಂತಿವೆ, ಹೊರಗೆ ಬರುತ್ತಿಲ್ಲ. ಹಾಡಿದ್ದನ್ನು ಮತ್ತೆ ಹಾಡುವಂತಿಲ್ಲ ಎಂಬ ಆ ಒಂದು ಕಟ್ಟಳೆ ಇಲ್ಲದಿದ್ದರೆ ಅಂತ್ಯಾಕ್ಷರಿ ಬರೀ ಭಜನೆಯಾಗುತ್ತಿತ್ತು.

ಇದೇ ಕಟ್ಟಳೆಯ ಮೇಲೆ ಒಂದು ಇಡೀ ಕಾರ್ಡಿನಾಟ ನಿಂತಿದೆ. ಅದರ ಹೆಸರು ಮೆಂಟಲ್ ಮ್ಯಾಜಿಕ್. ನಮ್ಮ ಆಡುಮಾತಿನಲ್ಲಿ ಯಾರನ್ನಾದರೂ 'ಮೆಂಟಲ್' ಅಂದರೆ ಜಗಳವಾದೀತು. ಇಲ್ಲಿ ಅದಕ್ಕೆ ಮನಸ್ಸಿನಲ್ಲೇ ಆಡುವುದು ಎಂಬಷ್ಟೇ ಅರ್ಥ. ಆದರೂ ಮೊದಲ ಸಲ ನೋಡುವವರಿಗೆ ನಮ್ಮ ಅರ್ಥವೇ ಸರಿ ಅನ್ನಿಸಬಹುದು. ಒಬ್ಬ ಯಾವುದೋ ಮೀನಿನ ಚಿತ್ರವಿರುವ ಕಾರ್ಡನ್ನು ಮೇಜಿನ ಮೇಲಿಟ್ಟು 'ಟೈಮ್ ವಾಕ್' ಅನ್ನುತ್ತಾನೆ. ಎದುರಿಗಿದ್ದವಳು ಹಕ್ಕಿಯ ಚಿತ್ರ ಇಟ್ಟು 'ಮಾನಾ ಡ್ರೇನ್' ಅನ್ನುತ್ತಾಳೆ. ಮೀನೂ ಇಲ್ಲ, ಹಕ್ಕಿಯೂ ಇಲ್ಲ. ಕಾರ್ಡಿನ ಮೇಲೆ ಅಚ್ಚಾಗಿರುವುದನ್ನು ಇಬ್ಬರೂ ಓದುತ್ತಿಲ್ಲ. ಬಲಗಡೆಯ ಮೇಲ್ಮೂಲೆಯಲ್ಲಿರುವ ಒಂದೆರಡು ಚುಕ್ಕೆಗಳನ್ನು ಮಾತ್ರ ನೋಡುತ್ತಿದ್ದಾರೆ.

ಆ ಚುಕ್ಕೆಗಳು ಏನೆಂದು ತಿಳಿಯಲು ತಾಯಿಯಾಟದ ಬಳಿಗೆ ಹೋಗಬೇಕು. ಅಮೆರಿಕದ ರಿಚರ್ಡ್ ಗಾರ್ಫೀಲ್ಡ್ ಗಣಿತದವರು. ವಸ್ತುಗಳನ್ನು ಎಷ್ಟು ರೀತಿಯಲ್ಲಿ ಜೋಡಿಸಬಹುದು ಎಂಬುದನ್ನು ಲೆಕ್ಕ ಹಾಕುವ ಗಣಿತದಲ್ಲಿ ಡಾಕ್ಟರೇಟ್ ಪಡೆದವರು. 1991ರಲ್ಲಿ ಅವರು ತಮ್ಮ ರೋಬೋರ್‍ಯಾಲಿ ಎಂಬ ಆಟವನ್ನು ಹಿಡಿದುಕೊಂಡು ವಿಝರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಪುಟ್ಟ ಕಂಪನಿಯ ಪೀಟರ್ ಆಡ್ಕಿಸನ್ ಬಳಿ ಹೋದರು. ಅದನ್ನು ತಯಾರಿಸುವ ಖರ್ಚು ಆ ಕಂಪನಿಯ ಕೈಗೆ ಎಟುಕುವಂತಿರಲಿಲ್ಲ. ಆಟದ ಮೇಳಗಳಲ್ಲಿ ಜನ ಒಂದು ಆಟಕ್ಕೂ ಇನ್ನೊಂದಕ್ಕೂ ನಡುವೆ ಸುಮ್ಮನೆ ಕಾಯುತ್ತ ಕೂತಿರುತ್ತಾರೆ, ಆ ಹೊತ್ತಿನಲ್ಲಿ ಜೇಬಿನಿಂದ ತೆಗೆದು ಚಕ್ಕನೆ ಆಡುವಂಥದ್ದು ಏನಾದರೂ ಇದೆಯೇ ಎಂದು ಆಡ್ಕಿಸನ್ ಕೇಳಿದರು. ಅದಕ್ಕೆ ಉತ್ತರವಾಗಿ 1993ರ ಆಗಸ್ಟಿನಲ್ಲಿ ಬಂದದ್ದು ಮ್ಯಾಜಿಕ್: ದಿ ಗ್ಯಾದರಿಂಗ್. ಮೊದಲ ಕಂತಿನಲ್ಲಿ ಇದ್ದದ್ದು 295 ಕಾರ್ಡು. ಇವತ್ತು ಬೇರೆ ಬೇರೆ ಹೆಸರಿನವು 25 ಸಾವಿರ ದಾಟಿವೆ.

ಆಟಗಾರರು ತಮ್ಮ ತಮ್ಮ ಸಂಗ್ರಹದಿಂದ ಕನಿಷ್ಠ 60 ಕಾರ್ಡುಗಳ ಕಟ್ಟು ಕಟ್ಟಿಕೊಂಡು ಬರುತ್ತಾರೆ. ಇಬ್ಬರಿಗೂ 20 ಜೀವ. ಎದುರಿನವರ ಜೀವವನ್ನು ಸೊನ್ನೆಗೆ ಇಳಿಸಿದವರು ಗೆದ್ದಂತೆ. ಕೆಲವು ಕಾರ್ಡು ನೆಲ. ಸರದಿಗೆ ಒಂದು ನೆಲ ಇಡಬಹುದು, ಅದನ್ನು ಅಡ್ಡ ತಿರುಗಿಸಿದರೆ ಮಾನಾ ಹುಟ್ಟುತ್ತದೆ. ಮಾನಾ ಎಂದರೆ ಈ ಲೋಕದ ನಾಣ್ಯ. ಬಿಳಿ, ನೀಲಿ, ಕಪ್ಪು, ಕೆಂಪು, ಹಸಿರು ಎಂದು ಐದು ಬಣ್ಣದ ನಾಣ್ಯಗಳು. ಉಳಿದ ಕಾರ್ಡುಗಳು ಮಂತ್ರ, ಪ್ರಾಣಿ, ಯಂತ್ರ ಇತ್ಯಾದಿ. ಪ್ರತಿಯೊಂದರ ಮೂಲೆಯಲ್ಲೂ ಅದರ ದರ ಚುಕ್ಕೆಗಳಲ್ಲಿ ಬರೆದಿರುತ್ತದೆ: ಒಂದು ಕೆಂಪು, ಅಥವಾ ಎರಡು ನೀಲಿ, ಅಥವಾ ಒಂದು ನೀಲಿಯ ಜೊತೆ ಯಾವ ಬಣ್ಣದ್ದಾದರೂ ಒಂದು. ಸದ್ಯಕ್ಕೆ ಇಷ್ಟು ಸಾಕು. ಪೂರ್ತಿ ನಿಯಮಾವಳಿ ಒಂದು ದಪ್ಪ ಪುಸ್ತಕವೇ ಆಗುತ್ತದೆ.

ಈ ಆಟದ ಪಂದ್ಯಾವಳಿಗಳಲ್ಲಿ ಒಂದು ಸುತ್ತಿಗೆ 50 ನಿಮಿಷ. ಕಾಲು ಗಂಟೆಯಲ್ಲಿ ಸೋತೋ ಗೆದ್ದೋ ಎದ್ದವರು ಮುಂದಿನ ಸುತ್ತಿಗೆ ಕಾಯಬೇಕು. ಕಾಯುವವರಿಗಾಗಿ ಹುಟ್ಟಿದ ಆಟ ತಾನೇ ಕಾಯಿಸತೊಡಗಿತು ನೋಡಿ! ಆ ಸಂದಿಯಲ್ಲಿ ಆಟಗಾರರು ತಾವೇ ರೂಢಿಸಿಕೊಂಡ ಆಟಗಳಲ್ಲಿ ಮೆಂಟಲ್ ಮ್ಯಾಜಿಕ್ ಒಂದು. ಅದಕ್ಕೆ ಪದಕವಿಲ್ಲ, ಬಹುಮಾನವಿಲ್ಲ. ಬೇಕಾದದ್ದು ಯಾರಿಗೂ ಬೇಡವಾದ ಕಾರ್ಡುಗಳ ಒಂದು ದೊಡ್ಡ ರಾಶಿ.

ರಾಶಿಯನ್ನು ಕಲಸಿ ಏಳೇಳು ಹಂಚುತ್ತಾರೆ. ಸರದಿಗೊಂದು ಎತ್ತಿಕೊಳ್ಳಬೇಕು. ಕೈಯಲ್ಲಿರುವ ಯಾವ ಕಾರ್ಡನ್ನಾದರೂ ಬೋರಲು ಇಟ್ಟರೆ ಅದು ನೆಲ, ಐದರಲ್ಲಿ ಯಾವ ಬಣ್ಣದ ಮಾನಾ ಬೇಕಾದರೂ ಕೊಡುತ್ತದೆ. ಇನ್ನು ಮುಖ್ಯ ಮಾತು. ಕೈಯಲ್ಲಿರುವ ಕಾರ್ಡನ್ನು ಅದೇ ದರದ ಬೇರೆ ಯಾವ ಕಾರ್ಡಿನ ಹೆಸರಿನಲ್ಲಾದರೂ ಆಡಬಹುದು. 'ಅದೇ ದರ' ಎಂದರೆ ಚುಕ್ಕೆಗೆ ಚುಕ್ಕೆ, ಬಣ್ಣಕ್ಕೆ ಬಣ್ಣ ಸರಿಹೊಂದಬೇಕು. ಅದರ ಸ್ವಂತ ಹೆಸರಿನಲ್ಲಿ ಮಾತ್ರ ಆಡುವಂತಿಲ್ಲ. ಮತ್ತು ಒಮ್ಮೆ ಯಾರಾದರೂ ಹೇಳಿದ ಹೆಸರು ಆ ಆಟ ಮುಗಿಯುವವರೆಗೆ ಇಬ್ಬರಿಗೂ ಇಲ್ಲ.

ಇದರಿಂದ ಮೊದಲು ಆಗುವ ಉಪಕಾರ ಎಂದರೆ ಅದೃಷ್ಟದ ಬಾಲ ತುಂಡಾಗುವುದು. ಮಾಮೂಲಿ ಮ್ಯಾಜಿಕ್‌ನಲ್ಲಿ 60ರಲ್ಲಿ ಸುಮಾರು 24 ನೆಲ ಹಾಕಿಕೊಂಡರೂ, ಬೇಕಾದಾಗ ನೆಲ ಬಾರದೆ ಕೈಕಟ್ಟಿ ಕೂತು ಸೋಲುವ ದಿನಗಳಿರುತ್ತವೆ. ಇಲ್ಲಿ ಆ ನೆಪವಿಲ್ಲ. ಎರಡನೆಯದು ಇನ್ನೂ ಸೂಕ್ಷ್ಮ. ಮಾಮೂಲಿ ಆಟದಲ್ಲಿ ಎದುರಿನವರು ಎರಡು ನೀಲಿ ನೆಲ ಖರ್ಚು ಮಾಡದೆ ಕೂತಿದ್ದರೆ ಏನೋ ತಡೆ ಇಟ್ಟುಕೊಂಡಿದ್ದಾರೆ ಎಂದು ಊಹಿಸಬಹುದು. ಇಲ್ಲಿ ನೆಲಗಳೆಲ್ಲ ಬೋರಲು, ಎಲ್ಲಕ್ಕೂ ಒಂದೇ ಮುಖ. ಅವು ಬಾಯಿ ಬಿಡುವುದಿಲ್ಲ. ಎರಡು ನೆಲ ಸುಮ್ಮನಿದ್ದರೆ ಎಲ್ಲದಕ್ಕೂ ಹೆದರಬೇಕು.

ಇನ್ನು ನೆನಪಿನ ವಿಷಯ. ಒಳ್ಳೆಯ ಆಟಗಾರರಿಗೆ ಸಾವಿರಾರು ಕಾರ್ಡುಗಳ ಹೆಸರು, ದರ, ಗುಣ ಬಾಯಿಗೆ ಬರುತ್ತವೆ, ಅದೇನೂ ಹೊಸದಲ್ಲ. ಆದರೆ ಅವರಿಗೂ ಅವು ನೆನಪಿರುವುದು ಕಾರ್ಡಿನ ಹೆಸರಿನಿಂದ. 'ಲೈಟ್ನಿಂಗ್ ಬೋಲ್ಟ್' ಅಂದರೆ ಒಂದು ಕೆಂಪು, ಮೂರು ಪೆಟ್ಟು ಅನ್ನುತ್ತಾರೆ. ಮೆಂಟಲ್ ಮ್ಯಾಜಿಕ್ ಕೇಳುವುದು ತಿರುಗಾ ಮುರುಗಾ: ಒಂದು ಕೆಂಪಿಗೆ ಏನೇನು ಬರುತ್ತದೆ? ನಿಘಂಟನ್ನು ಅಕಾರಾದಿಯಲ್ಲಿ ಕಲಿತವನಿಗೆ ಪ್ರಾಸದಿಂದ ಪದ ಹುಡುಕು ಎಂದ ಹಾಗೆ. ಅಷ್ಟಾವಧಾನದಲ್ಲಿ ದತ್ತಪದಿ ಕೊಟ್ಟಾಗ ಅವಧಾನಿಗಳು ಒಂದು ಕ್ಷಣ ಕಣ್ಣು ಮೇಲೆ ಮಾಡುತ್ತಾರಲ್ಲ, ಈ ಮೇಜಿನಲ್ಲೂ ಅಂಥ ಕಣ್ಣು ನೋಡಬಹುದು. ಪಳಗಿದವರು ದರಕ್ಕೊಂದು ಡಬ್ಬಿ ಮಾಡಿಕೊಂಡಿರುತ್ತಾರೆ. ನಾಣ್ಯ ತೋರಿಸಿದರೆ ಸಾಕು, ಇಷ್ಟಕ್ಕೆ ಅಂಗಡಿಯಲ್ಲಿ ಏನೇನು ಸಿಗುತ್ತದೆ ಎಂದು ಒಂದೇ ಉಸಿರಿಗೆ ಹೇಳುವ ಹುಡುಗರ ಹಾಗೆ.

ಎರಡು ನೀಲಿಯ ಡಬ್ಬಿಯನ್ನೇ ತೆರೆಯೋಣ. ಎದುರಿನವರ ಮಂತ್ರವನ್ನು ರದ್ದುಮಾಡುವ 'ಕೌಂಟರ್‌ಸ್ಪೆಲ್' ಇದೆ, ಮೊದಲ ಕಂತಿನದು. ಅದಕ್ಕಿಂತ ಮೇಲು 1994ರ 'ಮಾನಾ ಡ್ರೇನ್'. ಅದೂ ರದ್ದುಮಾಡುತ್ತದೆ, ಜೊತೆಗೆ ರದ್ದಾದ ಮಂತ್ರದ ದರದಷ್ಟು ಮಾನಾ ನಮಗೆ ಮುಂದಿನ ಸರದಿಯಲ್ಲಿ ಸಿಗುತ್ತದೆ. ಇವೆರಡೂ ಹೋದ ಮೇಲೆ? 2010ರ 'ಡಿಪ್ರೈವ್' ಉಂಟು. ಆದರೆ ಅದಕ್ಕೆ ನಮ್ಮದೇ ಒಂದು ನೆಲವನ್ನು ಕೈಗೆ ವಾಪಸ್ ತೆಗೆದುಕೊಳ್ಳಬೇಕು. ಅದೂ ಹೋಯಿತೆನ್ನಿ, 'ಫ್ಯಾಮಿಲಿಯರ್ಸ್ ರೂಸ್' ಉಂಟು. ಅದಕ್ಕೆ ನಮ್ಮ ಪ್ರಾಣಿಯೊಂದನ್ನು ವಾಪಸ್ ಕರೆಸಿಕೊಳ್ಳಬೇಕು. ಮೊದಲು ಲಾಭ ಕೊಡುತ್ತಿದ್ದ ಕೆಲಸ ಆಮೇಲೆ ಅಸಲಿಗೆ ಬಂದು, ಕೊನೆಗೆ ನಷ್ಟಕ್ಕೆ ಇಳಿಯುತ್ತದೆ. ಕಾರ್ಡು ಅದೇ ಎರಡು ನೀಲಿ; ಗಂಟೆ ಕಳೆದಂತೆ ಅದರ ಯೋಗ್ಯತೆ ಕುಸಿಯುತ್ತದೆ.

ಹಾಗಾದರೆ ಒಳ್ಳೆಯ ಹೆಸರನ್ನು ಆದಷ್ಟು ಬೇಗ ಹೇಳಿಬಿಡಬೇಕೇ, ಉಳಿಸಿಕೊಳ್ಳಬೇಕೇ? ನನ್ನ ಮಟ್ಟಿಗೆ ಈ ಆಟದ ಜೀವಾಳ ಈ ಪ್ರಶ್ನೆ. ಅಂತ್ಯಾಕ್ಷರಿಯಲ್ಲಿ ಜಾಣರು ಏನು ಮಾಡುತ್ತಾರೆ? ಎಲ್ಲರ ಬಾಯಲ್ಲೂ ಇರುವ ಸಿನಿಮಾ ಹಾಡನ್ನು ಮೊದಲು ಹಾಡಿಬಿಡುತ್ತಾರೆ, ಇಲ್ಲವಾದರೆ ಎದುರಿನವರು ಹಾಡುತ್ತಾರೆ. ಅಜ್ಜಿ ಕಲಿಸಿದ, ಆ ಕೋಣೆಯಲ್ಲಿ ಇನ್ಯಾರಿಗೂ ಗೊತ್ತಿಲ್ಲದ ಹಾಡು ಎಲ್ಲಿಗೂ ಓಡಿಹೋಗುವುದಿಲ್ಲ. ಅದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಇಲ್ಲೂ ಹಾಗೇ. 'ಏನ್ಸೆಸ್ಟ್ರಲ್ ರೀಕಾಲ್' ಎಂಬ ಕಾರ್ಡು ಒಂದೇ ನೀಲಿಗೆ ಮೂರು ಕಾರ್ಡು ಎತ್ತಿಕೊಡುತ್ತದೆ. ಅದು ಎಲ್ಲರಿಗೂ ಗೊತ್ತು, ಆದ್ದರಿಂದ ಅದು ಊರ ಬಾವಿ. ಮೊದಲು ಕೊಡ ಇಳಿಸಿದವರಿಗೆ ನೀರು. ಹೆಸರು ಮರೆತುಹೋದ ಯಾವುದೋ ಹಳೆಯ ಕಂತಿನ ಸಾಧಾರಣ ಕಾರ್ಡೊಂದು ನಿಮಗೊಬ್ಬರಿಗೇ ನೆನಪಿದ್ದರೆ ಅದು ಮನೆಯ ಹಿತ್ತಲಿನ ಬಾವಿ.

ಆದರೆ ಊರ ಬಾವಿಗೆ ಧಾವಿಸುವುದೂ ಅಷ್ಟು ಸುಲಭವಲ್ಲ. 'ರ್‍ಯಾತ್ ಆಫ್ ಗಾಡ್' ಮೇಜಿನ ಮೇಲಿರುವ ಅಷ್ಟೂ ಪ್ರಾಣಿಗಳನ್ನು ಕೊಲ್ಲುತ್ತದೆ. ಮೇಜು ಖಾಲಿ ಇರುವಾಗ ಅದನ್ನು ಹೇಳಿ ಏನು ಪ್ರಯೋಜನ? ಕಾಯಬೇಕು, ಕಾಯುವಾಗ ಎದುರಿನವರು ಹೇಳಿಬಿಟ್ಟರೆ ಎಂಬ ಭಯವನ್ನೂ ಹೊರಬೇಕು. ಇನ್ನೊಂದು: ರದ್ದಾದ ಮಂತ್ರದ ಹೆಸರೂ ಖರ್ಚಾದ ಲೆಕ್ಕವೇ. ಮೊದಲ ಸರದಿಯಲ್ಲೇ 'ಏನ್ಸೆಸ್ಟ್ರಲ್ ರೀಕಾಲ್' ಎಂದು ಹಿಗ್ಗಿದವರಿಗೆ, ಮುಂದೆ ಒಂದೂ ನೆಲವಿಲ್ಲದ ಎದುರಾಳಿ 'ಫೋರ್ಸ್ ಆಫ್ ವಿಲ್' ಎಂದು ತಣ್ಣೀರೆರಚಬಹುದು. ಅದರ ದರ ಐದು ಮಾನಾ. ಆದರೆ ಕೈಯಲ್ಲಿರುವ ಇನ್ನೊಂದು ನೀಲಿ ಕಾರ್ಡನ್ನೂ ಒಂದು ಜೀವವನ್ನೂ ತೆತ್ತರೆ ದರ ಮಾಫಿ.

ಒಂದು ಜಟಾಪಟಿಯನ್ನು ನಿಧಾನವಾಗಿ ನೋಡೋಣ. ಮೊದಲು ಕಂಡ ಆ ಇಬ್ಬರ ಮುಂದೆಯೂ ನಾಲ್ಕು ನಾಲ್ಕು ನೆಲ. ಅವನ ಸರದಿ. ಎರಡು ನೆಲ ತಿರುಗಿಸಿ, ಒಂದು ನೀಲಿ ಮತ್ತು ಯಾವುದಾದರೂ ಒಂದರ ಕಾರ್ಡು ಇಟ್ಟು 'ಟೈಮ್ ವಾಕ್' ಅನ್ನುತ್ತಾನೆ. ನಡೆದರೆ ಅವನಿಗೆ ಮೇಲಿಂದ ಮೇಲೆ ಎರಡು ಸರದಿ. ಅವಳು ಎರಡು ನೀಲಿ ಕೊಟ್ಟು 'ಮಾನಾ ಡ್ರೇನ್' ಅನ್ನುತ್ತಾಳೆ. ಮುಗಿಯಿತು ಅನ್ನಬೇಡಿ. ಅವನ ಕೈಯಲ್ಲಿ ಒಂದು ಕೆಂಪಿದೆ. ಒಂದು ಕೆಂಪು ಎಂದರೆ ಬೆಂಕಿ, ಪೆಟ್ಟು ಎಂದೇ ಎಲ್ಲರೂ ಯೋಚಿಸುತ್ತಾರೆ. ಆದರೆ ನೀಲಿ ಮಂತ್ರವನ್ನು ರದ್ದುಮಾಡುವ 'ರೆಡ್ ಎಲಿಮೆಂಟಲ್ ಬ್ಲಾಸ್ಟ್' ಕೂಡ ಒಂದೇ ಕೆಂಪಿನದು. ಅವನು ಅದನ್ನು ಹೇಳುತ್ತಾನೆ. ಅದರ ಜೋಡಿ, ಕೆಂಪನ್ನು ರದ್ದುಮಾಡುವ 'ಬ್ಲೂ ಎಲಿಮೆಂಟಲ್ ಬ್ಲಾಸ್ಟ್', ಒಂದು ನೀಲಿಯದು. ಅವಳು ಅದನ್ನು ಹೇಳುತ್ತಾಳೆ. ಅವನು ಕೊನೆಯ ನೆಲ ತಿರುಗಿಸಿ ಇನ್ನೊಂದು ಕೆಂಪನ್ನು 'ಪೈರೋಬ್ಲಾಸ್ಟ್' ಎಂದು ಇಡುತ್ತಾನೆ. ಅವಳ ಬಳಿಯೂ ಒಂದೇ ನೆಲ ಉಳಿದಿದೆ. ಅದನ್ನು ತಿರುಗಿಸಿ 'ಹೈಡ್ರೋಬ್ಲಾಸ್ಟ್' ಅನ್ನುತ್ತಾಳೆ.

ಈಗ ಬಿಡಿಸುವುದು ಮೇಲಿನಿಂದ, ಒಂದರ ಮೇಲೊಂದು ಪೇರಿಸಿದ ತಟ್ಟೆಗಳನ್ನು ತೆಗೆದ ಹಾಗೆ. ಹೈಡ್ರೋ ಪೈರೋವನ್ನು ನುಂಗಿತು. ಅದರಿಂದ ನೀಲಿ ಬ್ಲಾಸ್ಟ್ ಬದುಕಿ ಕೆಂಪು ಬ್ಲಾಸ್ಟನ್ನು ನುಂಗಿತು. ಅದರಿಂದ ಮಾನಾ ಡ್ರೇನ್ ಬದುಕಿ ಟೈಮ್ ವಾಕ್ ಅನ್ನು ನುಂಗಿತು. ಒಂದು ಜೀವವೂ ಕದಲಿಲ್ಲ, ಪ್ರಾಣಿಯೊಂದೂ ಸಾಯಲಿಲ್ಲ, ಮೇಜು ಮೊದಲಿದ್ದ ಹಾಗೇ ಇದೆ. ಆದರೆ ಆರು ಹೆಸರು ಲೋಕದಿಂದ ಹೋದವು. ಮಾನಾ ಡ್ರೇನ್‌ನ ಎರಡು ಮಾನಾ ಅವಳಿಗೆ ಲಾಭವಾಯಿತು ನಿಜ. ಕೆಂಪನ್ನು ಒಂದೇ ನೀಲಿಗೆ ತಡೆಯುವ ಎರಡು ಪ್ರಸಿದ್ಧ ಹೆಸರುಗಳನ್ನು ಅವಳು ಒಂದೇ ಉಸಿರಿಗೆ ಕಳೆದುಕೊಂಡದ್ದೂ ನಿಜ. ಗೆದ್ದವರು ಯಾರು ಎಂದು ಈಗಲೇ ಹೇಳಲಾಗದು.

ದುಡ್ಡಿನ ಮಾತು ಬರದೆ ಮ್ಯಾಜಿಕ್ ಬಗ್ಗೆ ಬರೆಯುವುದು ಕಷ್ಟ. ಮೊದಲ ಕಂತಿನ 'ಬ್ಲ್ಯಾಕ್ ಲೋಟಸ್' ಎಂಬ ಕಾರ್ಡಿನ ಒಂದು ಪ್ರತಿ 2021ರಲ್ಲಿ 5,11,100 ಡಾಲರಿಗೆ ಹರಾಜಾಯಿತು. ಅದರ ಮಾನಾ ದರ ಸೊನ್ನೆ, ಕೊಡುವುದು ಒಂದೇ ಬಣ್ಣದ ಮೂರು ಮಾನಾ. ಮೆಂಟಲ್ ಮ್ಯಾಜಿಕ್‌ನಲ್ಲಿ, ಮೇಜಿನವರು ಒಪ್ಪಿದ್ದರೆ, ಸೊನ್ನೆ ದರದ ಯಾವ ಕಾರ್ಡಾದರೂ ಬ್ಲ್ಯಾಕ್ ಲೋಟಸ್ ಆಗಬಹುದು. ಚಿಲ್ಲರೆ ಕಾಸಿಗೆ ಸಿಗುವ 'ಆರ್ನಿಥಾಪ್ಟರ್' ಎಂಬ ರೆಕ್ಕೆಯ ಯಂತ್ರ ಕೈಗೆ ಬಂದರೆ ಸಾಕು. ಅದೇ ಆರ್ನಿಥಾಪ್ಟರ್ ಬೇಕೆಂದರೆ 'ಪ್ಯಾಕ್ಟ್ ಆಫ್ ನೆಗೇಶನ್' ಕೂಡ ಆದೀತು. ಇದು ಬಿಡಿಗಾಸಿಲ್ಲದೆ ಮಂತ್ರವೊಂದನ್ನು ರದ್ದುಮಾಡುತ್ತದೆ, ಆದರೆ ಮುಂದಿನ ಸರದಿಯ ಆರಂಭದಲ್ಲಿ ಐದು ಮಾನಾ ತೀರಿಸದಿದ್ದರೆ ಆಟವೇ ಹೋಯಿತು. ಕೈಸಾಲದ ಕಾರ್ಡು. ತಮಾಷೆಯೆಂದರೆ, ಯಾರಾದರೂ ನಿಜವಾದ ಬ್ಲ್ಯಾಕ್ ಲೋಟಸನ್ನೇ ರಾಶಿಗೆ ಸೇರಿಸಿದರೆ ಅದು ಆರ್ನಿಥಾಪ್ಟರ್ ಆಗಬಲ್ಲದು, ಪ್ಯಾಕ್ಟ್ ಆಗಬಲ್ಲದು, ಬೋರಲು ಬಿದ್ದು ನೆಲವೂ ಆಗಬಲ್ಲದು. ಬ್ಲ್ಯಾಕ್ ಲೋಟಸ್ ಮಾತ್ರ ಆಗಲಾರದು.

ರಾಶಿ ಜೋಡಿಸುವುದೂ ಒಂದು ಕಸುಬೇ. ದರ ವಿಚಿತ್ರವಾದಷ್ಟೂ ಆ ದರದ ಹೆಸರುಗಳು ವಿರಳ, ಕೆಲವಕ್ಕೆ ಜೊತೆಗಾರರೇ ಇಲ್ಲ. ಅಂಥವು ನೆಲವಾಗಲು ಮಾತ್ರ ಲಾಯಕ್ಕು. ಒಂದು, ಎರಡು, ಮೂರು ಚುಕ್ಕೆಗಳವನ್ನು ಹೆಚ್ಚು ಹಾಕಿ ನಡುವೆ ಕಠಿಣವಾದವನ್ನು ಅಲ್ಲಲ್ಲಿ ಸೇರಿಸಿದರೆ ಆಟ ಹದವಾಗಿರುತ್ತದೆ. ದರ ತಪ್ಪಾಗಿ ಹೇಳಿದರೆ ಏನು ದಂಡ, ಗುಣದ ಬಗ್ಗೆ ತಕರಾರಾದರೆ ಫೋನು ತೆಗೆಯಬಹುದೇ, ಇವೆಲ್ಲ ಮೇಜಿನಿಂದ ಮೇಜಿಗೆ ಬದಲಾಗುತ್ತವೆ. ಫೋನು ತೆಗೆಯದ ಮೇಜು ಚೆಂದ ಎಂದು ನನ್ನ ಅಭಿಪ್ರಾಯ. ಪಕ್ಕದಲ್ಲಿ ನಿಂತು ನೋಡುವವರು ಸಾಕ್ಷಿ ಹೇಳಲು ಬಂದರೆ ಇನ್ನೂ ಚೆಂದ.

ಆ ಇಬ್ಬರ ಆಟ ಈಗ ಕೊನೆಯ ಹಂತಕ್ಕೆ ಬಂದಿದೆ ಎಂದುಕೊಳ್ಳಿ. ಅವಳಿಗೆ ಉಳಿದಿರುವುದು ಒಂದು ಜೀವ. ಕಾವಲಿಗೆ ಪ್ರಾಣಿಯಿಲ್ಲ. ಅವನ ಕೈಯಲ್ಲಿ ಒಂದೇ ಕಾರ್ಡು, ಒಂದು ಕೆಂಪು. ಒಂದೇ ಪೆಟ್ಟು ಸಾಕು, ಆದರೆ ಲೈಟ್ನಿಂಗ್ ಬೋಲ್ಟ್ ಹೋಗಿದೆ, ಚೈನ್ ಲೈಟ್ನಿಂಗ್ ಹೋಗಿದೆ, ಲಾವಾ ಸ್ಪೈಕ್, ಶಾಕ್, ಬರ್ಸ್ಟ್ ಲೈಟ್ನಿಂಗ್ ಎಲ್ಲ ಹೋಗಿವೆ. ಬಂದ ಸರದಿಯಲ್ಲೇ ಮೇಲೆ ಬೀಳುವ 'ಗಾಬ್ಲಿನ್ ಗೈಡ್' ಅನ್ನು ಅವಳೇ ಹೇಳಿ ಮುಗಿಸಿದ್ದಾಳೆ. ಅವನು ತುಂಬಾ ಹೊತ್ತು ಚಾವಣಿ ನೋಡುತ್ತಾನೆ. ಆಮೇಲೆ ನಗುತ್ತಾ 'ರೇಜಿಂಗ್ ಗಾಬ್ಲಿನ್' ಅನ್ನುತ್ತಾನೆ. ಆಟ ಕಲಿಯುವವರಿಗೆಂದು 1997ರಲ್ಲಿ ಬಂದ ಪೋರ್ಟಲ್ ಕಂತಿನ ಕಾರ್ಡು. ಒಂದು ಪೆಟ್ಟು ಕೊಡುವ, ಒಂದೇ ಪೆಟ್ಟಿಗೆ ಸಾಯುವ ಪುಟ್ಟ ಕುಳ್ಳ; ಬಂದ ತಕ್ಷಣ ನುಗ್ಗಬಲ್ಲ ಎಂಬುದಷ್ಟೇ ಅವನ ಹೆಚ್ಚುಗಾರಿಕೆ. ಪಂದ್ಯದ ಕಟ್ಟಿಗೆ ಅವನನ್ನು ಸೇರಿಸಿಕೊಂಡವರು ಕಡಿಮೆ.

ಅವಳ ಕೈಯಲ್ಲೂ ಒಂದು ಕಾರ್ಡಿದೆ, ಒಂದು ನೀಲಿ. ತಿರುಗಿಸದ ನೆಲವೂ ಒಂದಿದೆ. ಎರಡು ಬ್ಲಾಸ್ಟುಗಳು ಯಾವಾಗಲೋ ಟೈಮ್ ವಾಕ್ ಜಗಳದಲ್ಲಿ ಕರಗಿಹೋಗಿವೆ. ಪ್ರಾಣಿಯನ್ನು ಒಡೆಯನ ಕೈಗೆ ವಾಪಸ್ ಕಳಿಸುವ 'ಅನ್‌ಸಮನ್' ಮೊದಲ ಕಂತಿನಿಂದಲೂ ಇದೆ, ಆಟಕ್ಕೆ ಹೊಸಬರಾದವರಿಗೂ ಗೊತ್ತು. ಅದನ್ನು ಈ ಆಟದಲ್ಲಿ ಇನ್ನೂ ಯಾರೂ ಹೇಳಿಲ್ಲ. ಅವಳು ಕಾರ್ಡನ್ನು ಬೆರಳಲ್ಲಿ ತಿರುಗಿಸುತ್ತ ಚಾವಣಿ ನೋಡುತ್ತಿದ್ದಾಳೆ.