ಮಗುಚಿ ಓದಬೇಕಾದ ಹಂಚು

ಇಂಗ್ಲೆಂಡಿನ ಹಳೆಯ ಪಿಂಗಾಣಿ ತಟ್ಟೆ ಕೈಗೆ ಬಂದರೆ ಸಂಗ್ರಾಹಕರು ಅದನ್ನು ಮಗುಚಿ ಅಡಿಯ ಮುದ್ರೆ ಹುಡುಕುತ್ತಾರೆ. ಕೈಯಿಂದ ಬರೆದ ಹೂವು, ಹಣ್ಣಿನ ಚಿತ್ರದ ಚೆಂದ ಆಮೇಲಿನ ಮಾತು. ರಾಯಲ್ ವೂಸ್ಟರ್ ತಟ್ಟೆಯ ಮುದ್ರೆಯ ನಡುವೆ 51 ಎಂಬ ಅಂಕಿ ಕಂಡರೆ ಅದು ಕಾರ್ಖಾನೆ ಹುಟ್ಟಿದ 1751ರ ಗುರುತು. ತಟ್ಟೆಯ ವಯಸ್ಸು ಬೇರೆ.

ನಮ್ಮ ಕರಾವಳಿಯ ಹಳೆ ಮನೆಗಳಲ್ಲಿ ಇಂಥ ಮುದ್ರೆ ತಲೆಯ ಮೇಲೆಯೇ ಇದೆ. ಅಂಗಾತ ಮಲಗಿದರೆ ರೀಪುಗಳ ಸಂದಿಯಿಂದ ಹಂಚಿನ ಒಳಮೈಯ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ: ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865. ಅದು ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದ ಬಳಿ, ಮಿಶನ್ನಿನ ಮೊದಲ ಹಂಚಿನ ಕಾರ್ಖಾನೆ ಶುರುವಾದ ವರ್ಷ.

ಬಾಸೆಲ್ ಮಿಶನ್ ಎಂಬ ಈ ಕ್ರೈಸ್ತ ಮಿಶನರಿ ಸಂಸ್ಥೆಯವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮತಾಂತರವಾದವರನ್ನು ಜಾತಿಯವರು ದೂರವಿಟ್ಟರು, ಜೊತೆಗೆ ಕುಲಕಸುಬೂ ಹೋಯಿತು. ಅವರ ಹೊಟ್ಟೆಪಾಡಿಗೆ ನೇಯ್ಗೆ ಶುರುವಾಯಿತು, ಆಮೇಲೆ ಹಂಚು. ಹಂಚಿಗೆ ಕೈಹಾಕಿದವರು ಮಿಶನ್ನಿನ ಅಚ್ಚುಕೂಟದಲ್ಲಿ ದುಡಿದಿದ್ದ ಜಾರ್ಜ್ ಪ್ಲೆಬ್ಸ್ಟ್. ಅಕ್ಷರಕ್ಕೂ ಅಚ್ಚು, ಹಂಚಿಗೂ ಅಚ್ಚು. ಅವರ ಕೈಗೆ ಕೆಲಸ ಹೊಸದೇನೂ ಅನ್ನಿಸಿರಲಿಕ್ಕಿಲ್ಲ. ಒಂದರ ಅಂಚು ಇನ್ನೊಂದರ ಕಾಲುವೆಗೆ ಕೂರುವ ಹಂಚಿಗೆ ಫ್ರಾನ್ಸಿನ ಆಲ್ಸೇಸ್‌ನಲ್ಲಿ ಜಿಲಾರ್ದೋನಿ ಸಹೋದರರು 1841ರಲ್ಲೇ ಪೇಟೆಂಟ್ ಪಡೆದಿದ್ದರು. ಅಲ್ಲಿನ ಬುದ್ಧಿಗೆ ನಮ್ಮ ಹೊಳೆಯ ಆವೆಮಣ್ಣು ಒದಗಿತು.

ಅದುವರೆಗಿನ ಮುಳಿಹುಲ್ಲಿನ ಮಾಡನ್ನು ವರ್ಷವರ್ಷ ಹೊಸತಾಗಿ ಹೊದಿಸಬೇಕಿತ್ತು, ಬೆಂಕಿಯ ಭಯ ಬೇರೆ. ಬಾಗಿದ ನಾಡಹಂಚಿನ ಮಾಡಿಗೆ ಹೊರೆ ಹೆಚ್ಚು. ಹೊಸ ಹಂಚು ಚಪ್ಪಟೆ, ಹಗುರ, ಆಟಿಯ ಮಳೆಗೂ ಜಗ್ಗದು. ಮಣ್ಣು ಹದ ಮಾಡಿ, ಅಚ್ಚಿನಲ್ಲಿ ಒತ್ತಿ, ನೆರಳಲ್ಲಿ ಒಣಗಿಸಿ, ಭಟ್ಟಿಯಲ್ಲಿ ಸುಟ್ಟರೆ ಕೆಂಪು ಬಣ್ಣ ತಾನಾಗಿ ಬರುತ್ತದೆ. ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಅದಕ್ಕೆ ಕಾರಣ. ತಟ್ಟೆಗೆ ಬಣ್ಣ ಹಚ್ಚಿದ ಕುಂಚಕ್ಕೆ ಸಿಕ್ಕ ಗೌರವ ಈ ಮಣ್ಣು ಮೆಟ್ಟಿದ ಕಾಲುಗಳಿಗೆ, ಹಂಚು ಹೊತ್ತ ಹೆಂಗಸರ ತಲೆಗಳಿಗೆ ಸಿಗಲಿಲ್ಲ ಎಂಬ ನೋವು ನನಗಿದೆ.

ಮಿಶನ್ ಕುದ್ರೋಳಿಯಲ್ಲಿ, ಕಲ್ಲಿಕೋಟೆಯಲ್ಲಿ ಕಾರ್ಖಾನೆ ತೆರೆಯಿತು. ಊರಿನ ಉದ್ಯಮಿಗಳೂ ಇಳಿದರು, ಹಡಗು ಹತ್ತಿದ ಹಂಚು ಬರ್ಮಾ, ಸಿಲೋನ್, ಪೂರ್ವ ಆಫ್ರಿಕಾ ತಲುಪಿತು. ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷ್ ಸರ್ಕಾರ ಮಿಶನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡಿತು, ಅವು ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು. ಮುಂದೆ ತಾರಸಿ ಮನೆಗಳು ಎದ್ದಂತೆ ಚಿಮಣಿಗಳು ಒಂದೊಂದಾಗಿ ತಣ್ಣಗಾದವು.

ತಟ್ಟೆಯ 51ರಂತೆ ಹಂಚಿನ 1865 ಕೂಡ ಕಾರ್ಖಾನೆ ಹುಟ್ಟಿದ ವರ್ಷ. ಹಾಗಾಗಿ ಅದು ಕಂಡ ಕೂಡಲೇ ಹಂಚು ಆ ವರ್ಷದ್ದೆಂದು ಹೇಳಿ ಮಾರುವವರನ್ನು ನಂಬಬೇಡಿ. ನಿಮ್ಮ ಹಳೆಮನೆ ಕೆಡವುವಾಗ ಎಲ್ಲವನ್ನೂ ಗುಂಡಿಗೆ ಸುರಿಯಲೂ ಬೇಡಿ. ಒಂದೊಂದು ಕಾರ್ಖಾನೆಯ ಒಂದೊಂದು ಹಂಚನ್ನಾದರೂ ಎತ್ತಿಡಿ, ಮನೆ ಯಾವ ಊರಿನದು, ಯಾವಾಗ ಕಟ್ಟಿದ್ದು ಎಂದು ಒಂದು ಚೀಟಿಯಲ್ಲಿ ಬರೆದಿಡಿ.